ಗುಬ್ಬಿಯ ಸೀಟಿನ ಹೊಲಿಗೆ

ಫೆಬ್ರವರಿ 4, ಮಂಗಳವಾರ

ಬೆಳಗ್ಗೆಯಿಂದ ಒಂದೇ ಗಾಡಿ. ಹಿಂದಿನ ಸೀಟು ಪೂರ್ತಿ ಬಿಚ್ಚಿ, ಎರಡು ಇಂಚು ಫೋಮ್ ಹಾಕಿ, ಮೇಲೆ ಕಂದು ರೆಕ್ಸಿನ್ ಕವರು. ಸೋಫಾ ಥರ ಇರಬೇಕು ಅಂದಿದ್ದ ಗಿರಾಕಿ. ಹೋಗುವಾಗ ಇನ್ನೊಂದು ಮಾತು - "ಮೇಡಂ, ಆ ಬೆಲ್ಟಿನ ಬಕಲ್‌ಗಳು ಕೂತ್ರೆ ಚುಚ್ತವೆ. ಒಳಗೆ ಹಾಕಿ ಮುಚ್ಚಿಬಿಡಿ." ಎಲ್ಲರೂ ಹೇಳೋದು ಅದನ್ನೇ. ಸಂದಿಗೆ ತುರುಕಿ ಮೇಲೆ ಕವರು ಎಳೆದೆ. ಒಂದು ಸುಕ್ಕಿಲ್ಲ. ಮೂವತ್ತೊಂದು ವರ್ಷದ ಅಂಗಡಿ ಇದು. ನನ್ನ ಹೊಲಿಗೆ ಬಿಚ್ಚಿಕೊಂಡಿತು ಅಂತ ಒಬ್ಬನೂ ವಾಪಸ್ ಬಂದಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಳ್ಳಬಾರದು, ಆದರೂ ನಿಜ.

ಇವರು ಫೋಮ್ ಕತ್ತರಿಸುತ್ತಾ "ನಿಧಾನ, ನಿಧಾನ" ಅಂತಿದ್ದರು. ಇವರಿಗೆ ಕಣ್ಣು ಮಂಜಾದ ಮೇಲೆ ಗಾಡಿ ಓಡಿಸೋದೂ ನಾನೇ, ಮೆಷಿನ್ ತುಳಿಯೋದೂ ನಾನೇ. ನಿಧಾನ ಅನ್ನೋದು ಮಾತ್ರ ಇವರ ಕೆಲಸ.

ಮಧ್ಯಾಹ್ನ ಸೊಸೆ ಫೋನ್. ಮಾರ್ಚ್ 3ಕ್ಕೆ ಅವಳ ಬಾಣಂತಿ ರಜೆ ಮುಗಿಯುತ್ತೆ, ಮತ್ತೆ ಆಸ್ಪತ್ರೆಯ ಎಕ್ಸ್-ರೇ ಕೋಣೆ. ಮೊಮ್ಮಗಳು ಗುಬ್ಬಿಯನ್ನು ಹಗಲು ಹೊತ್ತು ನಾನು ನೋಡಿಕೊಳ್ತೀನಿ ಅಂತ ಆಗಲೇ ಹೇಳಿ ಆಗಿದೆ. ದಿನಾ ಬೆಳಗ್ಗೆ ನನ್ನ ಕಾರಲ್ಲಿ ಕರೆದುಕೊಂಡು ಬರೋದು, ಸಂಜೆ ಬಿಡೋದು. ನಲವತ್ತು ನಿಮಿಷದ ದಾರಿ.

"ಅತ್ತೆ, ಮಗುವಿನ ಕಾರ್ ಸೀಟು ಕಳಿಸಿದೀನಿ. ಅದು ನಿಮ್ಮ ಕಾರಲ್ಲಿ ಸರಿಯಾಗಿ ಕೂತ್ರೆ ಮಾತ್ರ."

"ಕೂರದೇ ಇದ್ರೆ?"

"ಡೇಕೇರ್ ಫಾರಂ ತುಂಬಿಸಿ ಇಟ್ಟಿದೀನಿ."

ಸಕ್ಕರೆ ಹಾಕಿದ ಹಾಗೆ ಹೇಳ್ತಾಳೆ, ಆದರೆ ಹೇಳೋದು ಹೇಳೇ ಹೇಳ್ತಾಳೆ. ಐದು ತಿಂಗಳ ಕೂಸು. ಅದನ್ನು ಯಾರೋ ಗುರುತಿಲ್ಲದವರ ಕೈಗೆ. ನಾನೇನು ಸತ್ತು ಹೋಗಿದೀನಾ? ಸೀಟು ಕೂರಿಸೋದೇನು ಮಹಾ. ಜೀವಮಾನ ಪೂರ್ತಿ ನಾನು ಮಾಡಿರೋದೇ ಸೀಟು.

ಫೆಬ್ರವರಿ 6, ಗುರುವಾರ

ಡಬ್ಬ ಬಂತು. ಜತೆಗೆ ಒಂದು ಪುಸ್ತಕ, ಚಿತ್ರಗಳು, ಬಾಣದ ಗುರುತು. ಪುಸ್ತಕ ಓದಿ ಕೆಲಸ ಕಲಿತವಳಲ್ಲ ನಾನು. ಬದಿಗಿಟ್ಟೆ.

ಹಿಂದಿನ ಸೀಟಲ್ಲಿ ಇಟ್ಟೆ. ಬೆಲ್ಟು ಎಳೆದೆ. ಬಕಲ್ ಎಲ್ಲಿ? ಸಂದಿಯಲ್ಲಿ ಕೈ ಹಾಕಿದರೆ ಇಲ್ಲ. ಈ ಕಡೆ ಇಲ್ಲ, ಆ ಕಡೆ ಇಲ್ಲ. ಆಮೇಲೆ ನೆನಪಾಯ್ತು... ನಾನೇ ಮುಚ್ಚಿದ್ದು. ನಾಲ್ಕು ವರ್ಷದ ಹಿಂದೆ, ನನ್ನ ಕಾರಿಗೆ ನಾನೇ. ಇವರು ಬಾಗಿಲ ಹತ್ತಿರ ನಿಂತು ನಗುತ್ತಿದ್ದರು, ನಾನು ನೋಡಿದ ತಕ್ಷಣ ಕೆಮ್ಮಿದರು.

ಕವರಿನ ಹೊಲಿಗೆ ಒಂದು ಗೇಣು ಬಿಚ್ಚಿ ಬಕಲ್ ಹೊರಗೆ ತೆಗೆದೆ. ಸೀಟು ಕೂರಿಸಿದೆ, ಮುಂದೆ ಮುಖ ಮಾಡಿ. ಮಗು ರಸ್ತೆ ನೋಡಬೇಡವಾ? ಬೆಲ್ಟು ಹಾಕಿದೆ. ಕ್ಲಿಕ್ ಅಂತು. ಹತ್ತು ನಿಮಿಷದ ಕೆಲಸ. ಇದಕ್ಕೆ ಅಷ್ಟು ದಪ್ಪ ಪುಸ್ತಕ.

ಫೆಬ್ರವರಿ 8, ಶನಿವಾರ

ಮಗ, ಸೊಸೆ, ಗುಬ್ಬಿ ಬಂದರು. ಸೊಸೆ ಚಪ್ಪಲಿ ಕೂಡ ಬಿಡಲಿಲ್ಲ, ನೇರ ಕಾರಿನ ಹತ್ತಿರ.

"ಅತ್ತೆ, ಇದು ತಿರುಗಾಮುರುಗಾ ಆಗಿದೆ. ಈ ವಯಸ್ಸಿಗೆ ಮಗುವಿನ ಮುಖ ಹಿಂದಕ್ಕೆ ಇರಬೇಕು. ಕತ್ತು ಇನ್ನೂ ಗಟ್ಟಿಯಾಗಿಲ್ಲ. ಗಾಡಿ ಎಲ್ಲಾದ್ರೂ ಗುದ್ದಿದ್ರೆ ಸೀಟಿನ ಬೆನ್ನೇ ಅವಳನ್ನ ಹಿಡೀಬೇಕು."

ತಿರುಗಿಸಿದಳು. ಬೆಲ್ಟು ಬೇರೆ ದಾರಿಯಲ್ಲಿ ತೂರಿಸಿದಳು. ಸೀಟಿನ ಮೇಲೆ ನೀಲಿ ಗುರುತು ಇದೆಯಂತೆ, ಹಿಂದೆ ಮುಖ ಮಾಡಿದರೆ ಅಲ್ಲಿ. ನಾನು ತೂರಿಸಿದ್ದು ಕೆಂಪು ಗುರುತಿನ ದಾರಿ. ಆಮೇಲೆ ಬೆಲ್ಟು ಹಾದುಹೋಗುವ ಜಾಗವನ್ನೇ ಹಿಡಿದು ಅಲುಗಾಡಿಸಿದಳು. ಸೀಟು ಆ ಕಡೆ ಈ ಕಡೆ ಓಲಾಡಿತು. ನಾಲ್ಕು ಬೆರಳು.

"ಒಂದು ಇಂಚಿಗಿಂತ ಜಾಸ್ತಿ ಸರೀಬಾರದು ಅತ್ತೆ."

ಸಿಟ್ಟು ಮೂಗಿನ ತುದಿಗೆ ಬಂತು ನನಗೆ. "ನಿನ್ನ ಗಂಡನ್ನ ಮಡಿಲಲ್ಲಿ ಕೂರಿಸ್ಕೊಂಡೇ ಊರೆಲ್ಲ ಸುತ್ತಿದೀನಿ. ನೋಡು, ಹೇಗೆ ಬೆಳೆದು ನಿಂತಿದಾನೆ." ಮಗರಾಯ ಗುಬ್ಬಿಯ ಸಾಕ್ಸ್ ಸರಿ ಮಾಡೋದರಲ್ಲಿ ಮುಳುಗಿದ್ದ.

"ಅತ್ತೆ, ನಾನು ದಿನಾ ಎಕ್ಸ್-ರೇ ತೆಗೆಯೋಳು. ಮಡಿಲಲ್ಲಿದ್ದ ಮಕ್ಕಳ ಮೂಳೆ ನೋಡಿದೀನಿ."

 ಸೀಟಿನ ಮೇಲಿದ್ದ ದಾರದ ತುಂಡು ಹೆಕ್ಕಿದೆ.

ಅವಳು ಮತ್ತೆ ಬಗ್ಗಿ ನನ್ನ ಸೀಟನ್ನು ಅಂಗೈಯಿಂದ ಒತ್ತಿ ನೋಡಿದಳು. ಕೈ ಮುಳುಗಿತು.

"ಇದರಲ್ಲಿ ಫೋಮ್ ಎಷ್ಟು ಹಾಕಿದೀರಿ?"

"ಮೂರು ಇಂಚು. ಒಳ್ಳೇ ಫೋಮ್."

"ಅದೇ ಕಾರಣ. ಬೆಲ್ಟು ಬಿಗಿದಷ್ಟೂ ಫೋಮ್ ಕುಗ್ಗುತ್ತೆ. ಆಮೇಲೆ ಸಡಿಲ."

ಫೆಬ್ರವರಿ 9, ಭಾನುವಾರ

ಸಿಟ್ಟು. ಬೇರೇನೂ ಬರೆಯೋ ಹಾಗಿಲ್ಲ.

ಆ ಕವರು ಹೊಲಿಯೋಕೆ ನನಗೆ ಹನ್ನೊಂದು ದಿನ ಹಿಡಿದಿತ್ತು. ಅಂಚಿಗೆ ಕೆಂಪು ಪೈಪಿಂಗ್, ನಡುವೆ ಚೌಕ ಚೌಕ ಹೊಲಿಗೆ. ಅಂಗಡಿಗೆ ಬಂದವರಿಗೆ ಮೊದಲು ತೋರಿಸೋದೇ ನನ್ನ ಕಾರು. ಸಡಿಲ ಅಂತೆ.

ಫೆಬ್ರವರಿ 12, ಬುಧವಾರ

ಕಿತ್ತೆ.

ಯಾರೂ ಇಲ್ಲದ ಹೊತ್ತು ನೋಡಿ ಕಿತ್ತೆ. ಕವರು, ಫೋಮ್, ಎಲ್ಲ. ಒಳಗಿಂದ ಕಂಪನಿಯ ಹಳೇ ಬಟ್ಟೆ ಸೀಟು ಹೊರಗೆ ಬಂತು, ಕೂದಲು ಬೋಳಿಸಿಕೊಂಡವರ ತಲೆ ಥರ. ಪೈಪಿಂಗ್ ಮಾತ್ರ ಬಿಚ್ಚಿ ಸುತ್ತಿಟ್ಟೆ.

ಆಮೇಲೆ ಪುಸ್ತಕ ತೆಗೆದೆ. ಇವರಿಗೆ ಹೇಳಲಿಲ್ಲ. ಎರಡು ಪುಟ ಓದಿದೆ, ಕೆಲಸಕ್ಕೆ ಬೇಕಾದಷ್ಟು. ಹಿಂದೆ ಮುಖ. ನೀಲಿ ದಾರಿ. ಬೆಲ್ಟು ತಿರುಚಿಕೊಳ್ಳಬಾರದು, ಇಸ್ತ್ರಿ ಮಾಡಿದ ಪಟ್ಟಿಯ ಹಾಗೆ ಚಪ್ಪಟೆ ಇರಬೇಕು. ಬಕಲ್ ಹಾಕು. ಭುಜದ ಬೆಲ್ಟನ್ನು ಪೂರ್ತಿ, ಪೂರ್ತಿ ಅಂದರೆ ಕೊನೇವರೆಗೂ, ಹೊರಗೆ ಎಳೆ. ಆಮೇಲೆ ಮೆಲ್ಲಗೆ ಒಳಗೆ ಬಿಡು. ಟಿಕ್ ಟಿಕ್ ಟಿಕ್ ಅನ್ನುತ್ತೆ. ಆ ಸದ್ದು ಬಂದಮೇಲೆ ಬೆಲ್ಟು ಒಳಗೆ ಮಾತ್ರ ಹೋಗುತ್ತೆ, ಹೊರಗೆ ಬರಲ್ಲ. ಈ ಕಾರು ಒಂಬತ್ತು ವರ್ಷದಿಂದ ಇದೆ, ಇದಕ್ಕೆ ಹೀಗೊಂದು ಬುದ್ಧಿ ಇರೋದು ನನಗೆ ಗೊತ್ತೇ ಇರಲಿಲ್ಲ.

ಮಂಡಿ ಊರಿ ಸೀಟಿನೊಳಗೆ ಮೈಭಾರ ಹಾಕಿದೆ. ಒಂದು ಕೈಲಿ ಒತ್ತು, ಇನ್ನೊಂದು ಕೈಲಿ ಎಳೆ. ಬೆವರು ಕಿತ್ತುಕೊಂಡು ಬಂತು. ಅಲುಗಾಡಿಸಿದೆ... ಅರ್ಧ ಇಂಚು ಕೂಡ ಇಲ್ಲ. ಕಾರೇ ಅಲುಗಾಡಿತು, ಸೀಟು ಅಲುಗಾಡಲಿಲ್ಲ.

ಒಬ್ಬಳೇ ಕೂತು ನಕ್ಕೆ. ವಿಡಿಯೋ ಮಾಡಿ ಸೊಸೆಗೆ ಕಳಿಸಿದೆ. "ಸೂಪರ್ ಅತ್ತೆ. 22ಕ್ಕೆ ಕ್ಲಿನಿಕ್ಕಲ್ಲಿ ಸೀಟು ತಪಾಸಣೆ ಇದೆ, ತೋರಿಸೋಣ" ಅಂತ ಬಂತು. ಸೂಪರ್ ಅಂದಿದಾಳೆ. ಮಗನ ಮದುವೆಯಾಗಿ ನಾಲ್ಕು ವರ್ಷದಲ್ಲಿ ನನಗೆ ಮೊದಲನೇ ಸೂಪರ್.

ಫೆಬ್ರವರಿ 16, ಭಾನುವಾರ

ಗುಬ್ಬಿ ಮೊದಲ ಸಲ ಸೀಟಲ್ಲಿ ಕೂತಳು. ಗಾಡಿ ನಿಂತೇ ಇತ್ತು, ಸುಮ್ಮನೆ ಅಭ್ಯಾಸಕ್ಕೆ. ಭುಜಕ್ಕೆ ಎರಡು ಪಟ್ಟಿ, ಕಾಲ ಸಂದಿಯಿಂದ ಒಂದು, ಎದೆಯ ಮೇಲೆ ಕ್ಲಿಪ್ಪು. ರಾಣಿ ಹಾಗೆ ಕೂತು ಕಾಲು ಬಡಿದಳು. ಎತ್ತಿಕೊಂಡಾಗ ನೋಡಿದರೆ ಕತ್ತಿನ ಹತ್ತಿರ ಕೆಂಪು ಗೆರೆ. ಪಟ್ಟಿಯ ಅಂಚು ಒರಟು.

ಸೊಸೆ "ಏನೂ ಆಗಲ್ಲ, ಕಾಲರ್ ಇರೋ ಅಂಗಿ ಹಾಕಿದ್ರೆ ಸಾಕು" ಅಂದಳು. ಅವಳಿಗೇನು. ನನಗೆ ಆ ಗೆರೆ ಕಣ್ಣ ಮುಂದಿಂದ ಹೋಗ್ತಾ ಇಲ್ಲ.

ಫೆಬ್ರವರಿ 17, ಸೋಮವಾರ

ಇವತ್ತು ಮಾಡಿದ ಕೆಲಸ ಚೆನ್ನಾಗಿ ಬಂತು. ವೆಲ್ವೆಟ್ ತುಂಡಿತ್ತು, ತಿಳಿ ಹಸಿರು. ಎರಡು ಸಣ್ಣ ಕೊಳವೆ ಹೊಲಿದೆ, ಭುಜದ ಪಟ್ಟಿಗೆ ತೊಡಿಸೋಕೆ. ಮೇಲಿಂದ ಸುತ್ತಿ ಅಂಟು ಪಟ್ಟಿ ಹಾಕಬಹುದಿತ್ತು. ಅದು ಕೈಲಾಗದವರ ಕೆಲಸ. ನನಗೆ ಹಿಡಿಸಲ್ಲ.

ಪಟ್ಟಿಯ ಹಿಂದಿನ ತುದಿಯಲ್ಲಿ ಮಡಚಿ ಹೊಲಿದ ಕುಣಿಕೆ ಇದೆ, ಸೀಟಿನ ಬೆನ್ನ ಹಿಂದಿರೋ ಒಂದು ಕಬ್ಬಿಣದ ತಗಡಿಗೆ ಸಿಕ್ಕಿಸೋಕೆ. ದಪ್ಪ, ಕೊಳವೆಯೊಳಗೆ ತೂರಲ್ಲ. ಹೊಲಿಗೆ ಬಿಚ್ಚಿದೆ. ವೆಲ್ವೆಟ್ ತೊಡಿಸಿದೆ. ಮತ್ತೆ ಅದೇ ತೂತುಗಳಲ್ಲಿ, ಒಂದೊಂದಾಗಿ ಸೂಜಿ ಇಳಿಸಿ ಹೊಲಿದೆ. ದಪ್ಪ ನೈಲಾನ್ ದಾರ. ಕಂಪನಿಯವರೇ ಬಂದು ನೋಡಿದರೂ ಗೊತ್ತಾಗಲ್ಲ.

ಇವರು ಭೂತಗನ್ನಡಿ ಹಿಡಿದು ನೋಡಿದರು. "ಗೊತ್ತೇ ಆಗಲ್ಲ ಕಣೇ" ಅಂದರು.

ಫೆಬ್ರವರಿ 22, ಶನಿವಾರ

ಕ್ಲಿನಿಕ್ಕಿನ ಪಾರ್ಕಿಂಗಲ್ಲಿ ಸಾಲು. ಮಗನ ಮನೆ ಪಕ್ಕದಲ್ಲೇ ಇರೋದು, ಸೊಸೆ ಗುಬ್ಬಿಯನ್ನು ಎತ್ತಿಕೊಂಡು ನಡೆದೇ ಬಂದಿದ್ದಳು. ಕಿತ್ತಳೆ ಜಾಕೆಟ್ಟಿನ ಹೆಂಗಸು, ಕೈಯಲ್ಲಿ ತಪಾಸಣೆಯ ಕಾಗದ, ಕಿವಿಯ ಮೇಲೆ ಪೆನ್ಸಿಲ್ಲು. ನನ್ನ ಮಗಳ ವಯಸ್ಸು ಇರಬಹುದು, ಮಗಳಿದ್ದಿದ್ದರೆ. ಕಾರಿನೊಳಗೆ ತೂರಿ ಸೀಟು ಹಿಡಿದು ಜಗ್ಗಿದಳು. ಅಲ್ಲಾಡಲಿಲ್ಲ. ಸೀಟಿನ ಪಕ್ಕದ ಗೆರೆ ನೆಲಕ್ಕೆ ಸಮ ಇದೆಯಾ ನೋಡಿದಳು. ಬೆಲ್ಟಿನ ದಾರಿ ನೋಡಿದಳು. "ಯಾರು ಕೂರಿಸಿದ್ದು?"

"ನಾನೇ" ಅಂದೆ.

"ಬೆಳಗ್ಗೆಯಿಂದ ಹದಿನಾಲ್ಕು ಗಾಡಿ ನೋಡಿದೆ ಅಮ್ಮ. ಮೊದಲನೇ ಸಲಕ್ಕೆ ಸರಿ ಇದ್ದದ್ದು ಇದೊಂದೇ."

ಸೊಸೆ ನನ್ನ ಕಡೆ ನೋಡಿ ನಕ್ಕಳು. ನಾನು ಬೇಕಂತಲೇ ಬೇರೆ ಕಡೆ ನೋಡಿದೆ.

ಜಾಕೆಟ್ಟಿನವಳು ಗುಬ್ಬಿಯನ್ನು ಕೂರಿಸಿ ಪಟ್ಟಿ ಬಿಗಿದು ತೋರಿಸಿದಳು. ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟೋಕೆ ಬಂದರೆ ಸಡಿಲ, ಬರದಿದ್ದರೆ ಸರಿ. ಚಿವುಟೋಕೆ ಹೋದಾಗ ವೆಲ್ವೆಟ್ ಕೈಗೆ ಸಿಕ್ಕಿತು.

"ಇದು ಸೀಟಿನ ಜತೆ ಬಂದಿದ್ದಲ್ಲ. ಜತೆ ಬರದೇ ಇದ್ದದ್ದು ಯಾವುದೂ ಇರಬಾರದು ಅಮ್ಮ. ತೆಗೀಲಾ?" ಸಣ್ಣ ಕತ್ತರಿಯಲ್ಲಿ ಉದ್ದಕ್ಕೆ ಕತ್ತರಿಸಿ ಎಳೆದುಕೊಂಡಳು. "ಹೊಲಿಗೆ ಚೆನ್ನಾಗಿದೆ" ಅಂತ ನನ್ನ ಕೈಗೆ ಕೊಟ್ಟಳು. ಒಳಗೆ ಹೇಗೆ ತೂರಿಸಿದ್ದು ಅಂತ ಕೇಳಲಿಲ್ಲ. ಹಿಂದೆ ಆರು ಗಾಡಿ ಕಾಯ್ತಿದ್ವು.

ಕೊನೆಗೆ ಎಲ್ಲರಿಗೂ ಹೇಳೋ ಮಾತು ನಮಗೂ ಹೇಳಿದಳು. "ಪಟ್ಟಿ ಕೊಳೆಯಾದ್ರೆ ಒದ್ದೆ ಬಟ್ಟೇಲಿ ಒರೆಸಿ, ಅಷ್ಟೇ. ಪಟ್ಟಿ ಹೊಲಿಗೆಗೆ ಮಾತ್ರ ಯಾವತ್ತೂ ಕೈ ಹಾಕಬೇಡಿ. ಅಪಘಾತದಲ್ಲಿ ಮಗುವಿನ ಭಾರವೆಲ್ಲ ಆ ಹೊಲಿಗೆ ಮೇಲೆ. ಒಂದು ಸಲ ಬಿಚ್ಚಿದ್ರೆ ಆ ಸೀಟು ಎಸೆಯೋದೇ, ರಿಪೇರಿ ಇಲ್ಲ."

ನನ್ನ ಕೈಯಲ್ಲಿ ವೆಲ್ವೆಟ್ ತುಂಡು.

ಕಾಗದದ ಮೇಲೆ ಸರಿ ಗುರುತು ಹಾಕಿ ಕೊಟ್ಟಳು. ಸೊಸೆ ನನ್ನ ಕೈ ಹಿಡಿದುಕೊಂಡಳು, "ಡೇಕೇರ್ ಫಾರಂ ಇವತ್ತೇ ಹರಿದು ಹಾಕ್ತೀನಿ ಅತ್ತೆ" ಅಂದಳು. ನಾನು "ಹೂಂ" ಅಂದೆ.

ಅದೇ ದಿನ, ಸಂಜೆ 5

ಹೇಳಬಹುದಿತ್ತು. ಅಲ್ಲೇ, ಆಗಲೇ.

ಫೆಬ್ರವರಿ 23, ಭಾನುವಾರ

ಎಲ್ಲರೂ ಪಾರ್ಕಿಗೆ ಹೋಗೋಣ ಅಂದರು. ನನ್ನ ಕಾರಲ್ಲೇ. ಗುಬ್ಬಿ ಸೀಟಲ್ಲಿ, ಪಕ್ಕದಲ್ಲಿ ಸೊಸೆ. ಬೇಡ ಅನ್ನೋಕೆ ಕಾರಣ ಹುಡುಕಿದೆ, ಸಿಗಲಿಲ್ಲ. ಸಿಗಲಿಲ್ಲ ಅನ್ನೋದೂ ಸುಳ್ಳು. ಕಾರಣ ಇತ್ತು, ಹೇಳಲಿಲ್ಲ.

ಇಪ್ಪತ್ತರ ವೇಗದಲ್ಲಿ ಓಡಿಸಿದೆ. ಮಗ "ಏನಮ್ಮ, ಎತ್ತಿನ ಗಾಡಿನಾ?" ಅಂತ ರೇಗಿಸಿದ. ಹೋಗಿ ಬರೋ ಅಷ್ಟರಲ್ಲಿ ರವಿಕೆ ಒದ್ದೆಯಾಗಿತ್ತು.

ಫೆಬ್ರವರಿ 24, ಸೋಮವಾರ

ಪಕ್ಕದ ಗ್ಯಾರೇಜಿನವನನ್ನು ನಾವು ಸ್ಪ್ಯಾನರ್ ಅಂತಲೇ ಕರೆಯೋದು, ಅವನ ಹೆಂಡತಿಯೂ ಹಾಗೇ ಕರೀತಾಳೆ. ಅವನ ಹತ್ತಿರ ಇಂಜಿನ್ ಎತ್ತೋ ಚೈನ್ ಪುಲ್ಲಿ ಇದೆ. ಹಳೇ ಗಾಡಿಯ ಬೆಲ್ಟು ಮೂರು ತುಂಡು ಕತ್ತರಿಸಿದೆ. ಮೂರಕ್ಕೂ ಕುಣಿಕೆ ಹೊಲಿದೆ, ಬಿಚ್ಚಿದೆ, ಅದೇ ತೂತುಗಳಲ್ಲಿ ಮತ್ತೆ ಹೊಲಿದೆ. ಗುಬ್ಬಿಯ ಪಟ್ಟಿಗೆ ಮಾಡಿದ ಹಾಗೇ. ಅದೇ ದಾರ, ಅದೇ ಮೆಷಿನ್, ಅದೇ ನಾನು.

ಒಂದೊಂದನ್ನೇ ಪುಲ್ಲಿಗೂ ಹಳೇ ಗಾಡಿಯ ಮೂತಿಗೂ ನಡುವೆ ಕಟ್ಟಿಸಿ "ಎಳಿ" ಅಂದೆ.

ಮೊದಲನೇದು ಹಿಡಿಯಿತು. ಹಳೇ ಗಾಡಿಯ ಮುಂಭಾಗವೇ ನೆಲ ಬಿಟ್ಟು ಎದ್ದಿತು. ಎದೆ ಉಬ್ಬಿತು ನನಗೆ, ಇದ್ದದ್ದು ಹೇಳಬೇಕು. ಎರಡನೇದೂ ಹಿಡಿಯಿತು. ಮೂರನೇದು ಎಳೀತಾ ಎಳೀತಾ ಟಕ್ ಅಂತು. ಒಂದು ದಾರ. ಆಮೇಲೆ ಟಕಟಕಟಕ ಅಂತ ಪೂರಾ ಸಾಲು ಕಿತ್ತುಕೊಂಡು ಬಂತು. ಎರಡು ಸಲ ಸೂಜಿ ಬಿದ್ದ ತೂತುಗಳು ಅಗಲವಾಗಿ ಹೋಗಿದ್ದವು.

ಸ್ಪ್ಯಾನರ್ ಕೈ ಒರೆಸಿಕೊಂಡ. "ಮೂರರಲ್ಲಿ ಎರಡು ಅಕ್ಕ. ಪಾಸು."

"ಸೀಟ್ ಕವರಿಗಾದ್ರೆ ಪಾಸು" ಅಂದೆ. ಅವನು ಹೋಗಿ ಟೀ ತಂದುಕೊಟ್ಟ.

ಇವರಿಗೆ ಎಲ್ಲ ಹೇಳಿದೆ. ಭೂತಗನ್ನಡಿ ತೆಗೆದು ಕಿತ್ತು ಬಂದ ತುಂಡು ನೋಡಿದರು. "ಅದೇ ಕಂಪನಿಯ ಅದೇ ಬಣ್ಣದ ಸೀಟು ತರೋಣ. ಬದಲಾಯಿಸಿಬಿಡೋಣ. ಕೂಸಿಗೂ ಕ್ಷೇಮ, ನಿನಗೂ ಮಾನ. ಯಾರಿಗೂ ಗೊತ್ತಾಗಲ್ಲ."

ನಿಧಾನಿ ಅಂತ ಆಡಿಕೊಂಡೆ, ನೋಡಿದರೆ ಎಂಥ ಉಪಾಯ. ಸಂಜೆವರೆಗೂ ಅದನ್ನೇ ಚಪ್ಪರಿಸಿದೆ. ಎಲ್ಲೂ ತಪ್ಪಿಲ್ಲ ಅದರಲ್ಲಿ. ಹೊಸ ಸೀಟು, ಗಟ್ಟಿ ಹೊಲಿಗೆ, ಗುಬ್ಬಿ ನನ್ನ ಹತ್ತಿರ.

ಆದರೆ ಸೀಟು ಬದಲಾದೀತು, ಕೈ ಇದೇ ಅಲ್ಲವಾ. ನನಗೇ ಎಲ್ಲ ಗೊತ್ತು ಅಂತ ಹೋಗಿ ಬಿಚ್ಚಿದ ಕೈ. ಆಮೇಲೆ ಗೊತ್ತಿದ್ದೂ ಸ್ಟಿಯರಿಂಗ್ ಹಿಡಿದ ಕೈ. ಯಾರ ಕೈಗೆ ಮಗು ಕೊಡ್ತಿದೀನಿ ಅಂತ ಅವಳಿಗೆ ಗೊತ್ತಿರಬೇಕು.

ನಾಳೆ ಹೋಗ್ತೀನಿ.

ಫೆಬ್ರವರಿ 25, ಮಂಗಳವಾರ

ಹೋದೆ. ಸೊಸೆ ಗುಬ್ಬಿಗೆ ಬಾಟಲಿ ಹಿಡಿದು ಕೂತಿದ್ದಳು. ಮಗ ಕೆಲಸಕ್ಕೆ ಹೋಗಿದ್ದ. ಒಳ್ಳೇದೇ ಆಯ್ತು ಅನ್ಕೊಂಡೆ.

ನಿಂತುಕೊಂಡೇ ಹೇಳಿದೆ. ಕುಣಿಕೆ, ವೆಲ್ವೆಟ್, ತೂತು, ಚೈನ್ ಪುಲ್ಲಿ, ಮೂರರಲ್ಲಿ ಎರಡು. ಅವಳು ಕೇಳ್ತಿದ್ದ ಹಾಗೇ ಬಾಟಲಿ ಓರೆಯಾಗಿ ಗುಬ್ಬಿಯ ಗದ್ದದ ಮೇಲೆಲ್ಲ ಹಾಲು. ಒರೆಸಿದಳು. ಒಂದೇ ಪ್ರಶ್ನೆ ಕೇಳಿದಳು.

"ಭಾನುವಾರ ಪಾರ್ಕಿಗೆ ಹೋದ್ವಲ್ಲ. ಆವಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಓಡಿಸಿದ್ರಿ."

"ಓಡಿಸಿದೆ."

ಇಪ್ಪತ್ತರಲ್ಲಿ ಓಡಿಸಿದೆ ಅನ್ನೋದು ಬಾಯಿ ತುದಿಗೆ ಬಂತು, ನುಂಗಿದೆ. ಹೊಸ ಸೀಟು ನಾನು ಕೊಡಿಸ್ತೀನಿ ಅಂದೆ. ಅವಳು ಎದ್ದು ಮಗು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು, ಸದ್ದಿಲ್ಲದೆ. ಜೋರಾಗಿ ಹಾಕಿದ್ದರೆ ವಾಸಿ ಇತ್ತು.

ಹತ್ತು ನಿಮಿಷ ಕಾದೆ. ಬಂದೆ. ದಾರಿಯಲ್ಲಿ ಅತ್ತುಬಿಟ್ಟೆ, ಸಿಗ್ನಲ್ಲಲ್ಲಿ ಪಕ್ಕದ ಗಾಡಿಯವನು ನೋಡಿದ, ನೋಡಿಕೊಳ್ಳಲಿ.

ಫೆಬ್ರವರಿ 27, ಗುರುವಾರ

ಫೋನ್ ಇಲ್ಲ. ನಾನೂ ಮಾಡಲಿಲ್ಲ. ಯಾವ ಬಾಯಲ್ಲಿ ಮಾಡೋದು.

ಗುಬ್ಬಿಯ ಸೀಟಿನ ಪಟ್ಟಿಗಳನ್ನು ನಾಲ್ಕು ತುಂಡು ಮಾಡಿದೆ. ಹಾಗೇ ಕಸಕ್ಕೆ ಹಾಕಿದರೆ ಯಾರಾದರೂ ಚೆನ್ನಾಗಿದೆ ಅಂತ ಎತ್ತಿಕೊಂಡು ಹೋಗಿ ಅವರ ಮಗು ಕೂರಿಸಿಯಾರು. ಮೇಲೆ ಮಾರ್ಕರಲ್ಲಿ ದೊಡ್ಡದಾಗಿ "ಬಳಸಬೇಡಿ" ಅಂತ ಬರೆದೆ.

ಮಧ್ಯಾಹ್ನ ಒಬ್ಬ ಬಂದ, ಕುಶನ್ ಮಾಡಿಸೋಕೆ. ಬಕಲ್ ಮುಚ್ಚಿಬಿಡಿ ಅಂದ. ಮುಚ್ಚಲ್ಲ ಅಂದೆ. ಬಟ್ಟೆಗೆ ಗುಂಡಿ ಕಾಜ ಮಾಡ್ತಾರಲ್ಲ, ಹಾಗೆ ಕವರಿನಲ್ಲಿ ಕಾಜ ಬಿಟ್ಟು ಬಕಲ್ ಮೇಲೆ ನಿಲ್ಲಿಸ್ತೀನಿ, ಫೋಮ್ ಹಾಕಲ್ಲ, ಬೇಕಾದ್ರೆ ಮಾಡಿಸ್ಕೋ ಇಲ್ಲಾಂದ್ರೆ ಬಿಡು. ಅವನು ಬಿಟ್ಟು ಹೋದ. ಹೋಗಲಿ. ಇವರು ಹಳೇ ಗಿರಾಕಿಗಳ ನಂಬರ್ ಇರೋ ಪುಸ್ತಕ ತಂದು ಮೇಜಿನ ಮೇಲಿಟ್ಟರು. ಮೂವರಿಗೆ ಫೋನ್ ಮಾಡಿದೆ, ಬನ್ನಿ, ನಿಮ್ಮ ಹಿಂದಿನ ಸೀಟಿನ ಬಕಲ್ ಹೊರಗೆ ತೆಗೆದುಕೊಡ್ತೀನಿ ಅಂತ. ಒಬ್ಬರು ಬರ್ತೀನಿ ಅಂದರು.

ಮಾರ್ಚ್ 1, ಶನಿವಾರ

ಮಗ ಫೋನ್ ಮಾಡಿದ. ದನಿ ಸಣ್ಣದು ಮಾಡಿಕೊಂಡು. "ಅಮ್ಮ, ಅವಳು ಇವತ್ತು ಬೆಳಗ್ಗೆ ಡೇಕೇರ್‌ಗೆ ಹೋಗಿ ನೋಡಿಕೊಂಡು ಬಂದಳು."

"ಹೇಗಿದೆಯಂತೆ?"

"ಚೆನ್ನಾಗಿದೆಯಂತೆ. ಕ್ಲೀನಾಗಿದೆಯಂತೆ."

"ಒಳ್ಳೇದಾಯ್ತಲ್ಲ" ಅಂದೆ. ಫೋನ್ ಇಟ್ಟೆ. ಗುಬ್ಬಿಗೆ ಅಂತ ಒಳಕೋಣೆಯಲ್ಲಿ ತೊಟ್ಟಿಲು ಹಾಕಿದ್ದೆ, ಅದರ ಬಟ್ಟೆ ಮಡಚಿಟ್ಟೆ. ಮತ್ತೆ ಹಾಸಿದೆ. ಮತ್ತೆ ಮಡಚಿಟ್ಟೆ. ನಾನೇ ಮಾಡಿಕೊಂಡಿದ್ದು, ಯಾರನ್ನ ಬಯ್ಯೋದು.

ಮಾರ್ಚ್ 2, ಭಾನುವಾರ

ಬೆಳಗ್ಗೆ ಹತ್ತೂವರೆ. ಬಾಗಿಲು ತೆಗೆದರೆ ಸೊಸೆ. ಒಂದು ಕಂಕುಳಲ್ಲಿ ಗುಬ್ಬಿ, ಹಿಂದೆ ಮಗ, ಅವನ ತಲೆಯ ಮೇಲೆ ಡಬ್ಬ. ಹೊಸದು.

"ಒಳಗೆ ಬಾ" ಅನ್ನೋಕೂ ಮರೆತು ನಿಂತೆ. ಅವಳೇ ಬಂದಳು. ಕೂರಲಿಲ್ಲ.

"ಸಿಟ್ಟು ಇಳಿದಿಲ್ಲ ಅತ್ತೆ. ಮೊದಲೇ ಹೇಳ್ಬಿಡ್ತೀನಿ."

"ಇರಲಿ."

"ಡೇಕೇರ್‌ನವರನ್ನ ಕೇಳ್ದೆ, ಇಲ್ಲಿ ಏನಾದ್ರೂ ತಪ್ಪಾದ್ರೆ ನನಗೆ ಹೇಳ್ತೀರಾ ಅಂತ. ಏನಂದ್ರು ಗೊತ್ತಾ? ಇಲ್ಲಿ ತಪ್ಪೇ ಆಗಲ್ಲ ಮೇಡಂ ಅಂದ್ರು." ಗುಬ್ಬಿಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು. "ಎದ್ದು ಬಂದೆ. ದಾರಿ ಪೂರ್ತಿ ಅದೇ ಯೋಚನೆ. ನೀವು ಬಾಯಿ ಬಿಡದೇ ಇದ್ದಿದ್ರೆ ನನಗೆ ಜನ್ಮದಲ್ಲಿ ಗೊತ್ತಾಗ್ತಿರಲಿಲ್ಲ."

ಇವರು ಕೋಣೆಯಿಂದ ಇಣುಕಿ ಮತ್ತೆ ಒಳಗೆ ಹೋದರು.

"ಒಂದು ಷರತ್ತು. ಪುಸ್ತಕ ಪೂರ್ತಿ ಓದ್ಬೇಕು. ನನ್ನ ಮುಂದೆ, ಗಟ್ಟಿಯಾಗಿ."

ಓದಿದೆ. ಐವತ್ತೆಂಟನೇ ವಯಸ್ಸಲ್ಲಿ, ಕನ್ನಡಕ ಹಾಕಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸೋ ಹಾಗೆ, ಮೊದಲ ಪುಟದಿಂದ. ಹನ್ನೆರಡನೇ ಪುಟದಲ್ಲಿ ಇದೆ, ಪಟ್ಟಿಯ ಹೊಲಿಗೆ ಬಿಚ್ಚಬಾರದು ಅಂತ. ದಪ್ಪ ಅಕ್ಷರ. ಚೌಕದೊಳಗೆ. ಅಲ್ಲಿ ನನ್ನ ದನಿ ನಿಂತಿತು. ಸೊಸೆ "ಮುಂದಕ್ಕೆ" ಅಂದಳು, ಆದರೆ ಮೆತ್ತಗೆ. ಮಗ ನಗು ತಡೆಯೋಕಾಗದೆ ನೀರು ಕುಡಿಯೋ ನೆಪದಲ್ಲಿ ಅಡುಗೆ ಮನೆಗೆ ಓಡಿದ.

ಆಮೇಲೆ ಸೀಟು ನಾನೇ ಕೂರಿಸಿದೆ. ಅವಳು ನೋಡುತ್ತಾ ನಿಂತಳು, ಕೈ ಹಾಕಲಿಲ್ಲ. ಪೂರ್ತಿ ಎಳೆದು, ಟಿಕ್ ಟಿಕ್ ಕೇಳಿಸಿಕೊಂಡು, ಮಂಡಿ ಊರಿ. ಮುಗಿದ ಮೇಲೆ ಅಲುಗಾಡಿಸಿ ನೋಡಿದಳು. ತಲೆಯಾಡಿಸಿದಳು. ಸೂಪರ್ ಅನ್ನಲಿಲ್ಲ. ಬೇಡ.

ಗುಬ್ಬಿಯ ಕತ್ತಿಗೆ ಅಂತ ಕಾಲರ್ ಇರೋ ಅಂಗಿ ನಾಲ್ಕು ತಂದಿದ್ದಳು.

ಮಾರ್ಚ್ 3, ಸೋಮವಾರ, ಬೆಳಗ್ಗೆ 10

ತೊಟ್ಟಿಲ ಪಕ್ಕ ಕೂತು ಬರೀತಿದೀನಿ.

ಏಳೂವರೆಗೆ ಅವರ ಮನೆ ಮುಂದೆ ಇದ್ದೆ. ಸೊಸೆ ಆಸ್ಪತ್ರೆಯ ಬಟ್ಟೆಯಲ್ಲಿ, ಕೂದಲು ಇನ್ನೂ ಒದ್ದೆ, ಕಣ್ಣು ಕೆಂಪು. ಆರು ತಿಂಗಳಲ್ಲಿ ಮೊದಲ ಸಲ ಕೂಸನ್ನು ಬಿಟ್ಟು ಹೋಗ್ತಿದಾಳೆ, ಇರದೇ ಇರುತ್ತಾ. ಗುಬ್ಬಿಯನ್ನು ಕೂರಿಸಿ ಪಟ್ಟಿ ಹಾಕಿದಳು. ಚಿವುಟಿ ನೋಡಿದಳು. ಕ್ಲಿಪ್ಪು ಕಂಕುಳ ಮಟ್ಟಕ್ಕೆ ಸರಿಸಿದಳು. ಹಣೆಗೆ ಮುತ್ತು ಕೊಟ್ಟಳು.

ಆಮೇಲೆ ಕೈ ಸೀಟಿನ ಬುಡಕ್ಕೆ ಹೋಯ್ತು, ಬೆಲ್ಟು ಹಾಯೋ ಜಾಗಕ್ಕೆ. ಹೋಗಿ ಅಲ್ಲೇ ನಿಂತಿತು. ನನ್ನ ಮುಖ ನೋಡಿದಳು. ಕೈ ಹಿಂದಕ್ಕೆ ತಗೊಂಡಳು. "ನೀವು ನೋಡಿರ್ತೀರಿ ಅತ್ತೆ" ಅಂತ ಬಾಗಿಲು ಮುಚ್ಚಿ ಗೇಟಿನ ಕಡೆ ನಡೆದಳು.

ಆ ಮಾತಿಗೇ ಅಲ್ಲವಾ ಇಷ್ಟು ದಿನ ಒದ್ದಾಡಿದ್ದು. ಸುಮ್ಮನೆ ಗಾಡಿ ಶುರು ಮಾಡಿ ಬರಬಹುದಿತ್ತು.

ಇಳಿದೆ. "ಬಾ ಇಲ್ಲಿ" ಅಂತ ಕರೆದೆ. ತಿರುಗಿದಳು.

"ಅಲುಗಾಡಿಸಿ ನೋಡು."

"ಅತ್ತೆ, ನಂಬಿಕೆ ಇದೆ ನನಗೆ."

"ಇರಲಮ್ಮ. ನಂಬಿಕೆ ಇಟ್ಕೊಂಡೇ ನೋಡು. ನಾಳೆನೂ ನೋಡು, ನಾಡಿದ್ದೂ ನೋಡು. ಇವಳು ದೊಡ್ಡವಳಾಗೋವರೆಗೂ ದಿನಾ ನೋಡು. ನನಗೆ ಬೇಜಾರಿಲ್ಲ."

ಬಂದಳು. ಎರಡೂ ಕೈಲಿ ಹಿಡಿದು ಜಗ್ಗಿದಳು, ನಿನ್ನೆಗಿಂತ ಜೋರಾಗಿ. ಅಲ್ಲಾಡಲಿಲ್ಲ. ಹಾಗೇ ಬಗ್ಗಿಕೊಂಡು ಒಂದು ಕ್ಷಣ ನಿಂತಳು, ಆಮೇಲೆ ಹಣೆಯನ್ನು ನನ್ನ ಭುಜಕ್ಕೆ ಒರಗಿಸಿದಳು. ಒದ್ದೆ ಕೂದಲು, ರವಿಕೆಯೆಲ್ಲ ನೆನೆಯಿತು. "ತಡವಾಯ್ತು" ಅಂತ ಓಡಿದಳು.

ದಾರಿಯಲ್ಲಿ ಗುಬ್ಬಿ ಅಳಲಿಲ್ಲ. ಅವಳ ಮುಖ ನನಗೆ ಕಾಣಲ್ಲ, ಕಾಲು ಮಾತ್ರ ಆಗಾಗ ಕಾಣುತ್ತೆ. ನಲವತ್ತರಲ್ಲಿ ಓಡಿಸಿದೆ, ಎಲ್ಲರ ಹಾಗೆ. ಬಂದ ಮೇಲೆ ಇವರು ಕೂಸನ್ನು ಎತ್ತಿಕೊಳ್ಳೋಕೆ ಬಾಗಿಲಲ್ಲೇ ನಿಂತಿದ್ದರು, ಕೈ ತೊಳೆದುಕೊಂಡಿದೀನಿ ಅಂತ ನಾನು ಕೇಳೋ ಮೊದಲೇ ತೋರಿಸಿದರು. ಮಲಗಿಸಿದೆವು. ಅಂಗಡಿ ಬಾಗಿಲು ಇನ್ನೂ ತೆಗೆದಿಲ್ಲ. ಹತ್ತೂವರೆಗೆ ಬರ್ತೀನಿ ಅಂದಿದ್ದ ಗಿರಾಕಿ, ಬಕಲ್ ತೆಗೆಸೋಕೆ. ಇವರಿಗೆ ಹೇಳಬೇಕು, ಕವರು ಕತ್ತರಿಸೋವಾಗ ಬಲಗಡೆ ಅಂಚಿನಿಂದ...

ಎದ್ದಳು. ನನ್ನನ್ನೇ ನೋಡ್ತಿದಾಳೆ. ಈಗ ಬಾಯಿ ತೆಗೀತಿದಾಳೆ, ಅಳೋಕೆ. ಪೆನ್ನು ಇಟ್ಟೆ.